ಕ್ಯಾನ್ಸರ್ ಹರಡದಂತೆ ಕಾಯುವ ಜೀನ್‌ಗಳು

ಬೆನ್ನುನೋವೆಂದು 52 ವರ್ಷದ ತಾಯಿಯೊಬ್ಬರು ಮಗಳ ಜೊತೆ ನನ್ನ ದವಾಖಾನೆಗೆ ಬಂದಿದ್ದರು. ಮನೆಕೆಲಸ ಮಾಡಿ ಮಾಡಿ ಸೊಂಟ ಹಿಡಿದಿದೆ ಎಂದೇ ಇಬ್ಬರೂ ಭಾವಿಸಿದ್ದರು. ನಾನೂ ಹಾಗೆಯೇ ಭಾವಿಸಿದೆ. ಹಚ್ಚಲು ಎಣ್ಣೆ, ಕುಡಿಯಲು ಒಂದು ಔಷಧ ಕೊಟ್ಟು ಎರಡು ವಾರ ಬಿಟ್ಟು ಬರಲು ಹೇಳಿದೆ. ಅವರು ಮತ್ತೆ ಬಂದಾಗ ನೋವು ಹೆಚ್ಚಾಗಿತ್ತು. ರಾತ್ರಿ ಮಲಗಿದರೂ ಬಿಡುವುದಿಲ್ಲ ಎಂದರು. ವಿಶ್ರಾಂತಿಯಲ್ಲೂ ಬಿಡದ ಬೆನ್ನುನೋವು ಎಂದ ಕೂಡಲೇ ನನಗೆ ಎಚ್ಚರವಾಯಿತು. ದೇಹದಲ್ಲಿ ಬೇರೇನಾದರೂ ತೊಂದರೆ ಇದೆಯೇ ಎಂದು ಕೇಳಿದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಮಗಳ ಕಿವಿಯಲ್ಲಿ ಏನೋ ಹೇಳಿದರು.

"ಉಮ್ಮನ ಎದೆಯಲ್ಲಿ ಒಂದು ಗಂಟು ಇದೆಯಂತೆ ಡಾಕ್ಟ್ರೇ. ಒಂದೂವರೆ ವರ್ಷ ಆಯಿತಂತೆ. ನನಗೂ ಈಗಲೇ ಗೊತ್ತಾಗುತ್ತಿರುವುದು" ಎಂದಳು ಮಗಳು.

ಅಂದೇ ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಎದೆಯ ಗಂಟು ಕ್ಯಾನ್ಸರ್ ಆಗಿತ್ತು, ಬೆನ್ನೆಲುಬಿಗೂ ತಲುಪಿತ್ತು. ವರದಿ ಹಿಡಿದುಕೊಂಡು ಬಂದ ಮಗಳು ಕೇಳಿದ ಪ್ರಶ್ನೆ ಇದು: "ಗಂಟು ಇದ್ದದ್ದು ಎದೆಯಲ್ಲಿ. ಬೆನ್ನಿಗೆ ಹೇಗೆ ಹೋಯಿತು? ಕೆಲವರಿಗೆ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದಂತೆ, ಉಮ್ಮನಿಗೆ ಯಾಕೆ ಹೀಗಾಯಿತು?"

ಈ ಪ್ರಶ್ನೆಯನ್ನು ಬಹಳ ಕುಟುಂಬಗಳು ಕೇಳುತ್ತವೆ. ಕಳೆದ 40 ವರ್ಷಗಳಲ್ಲಿ ವಿಜ್ಞಾನಿಗಳು ಇದಕ್ಕೆ ಸ್ವಲ್ಪ ಮಟ್ಟಿನ ಉತ್ತರ ಕಂಡುಕೊಂಡಿದ್ದಾರೆ. ಆ ಉತ್ತರವನ್ನು ನಿಮಗೆ ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಹಳೆಯ ವೈದ್ಯರು ಕಂಡ ಏಡಿ

ಯುನಾನಿ ವೈದ್ಯಪದ್ಧತಿಯಲ್ಲಿ ಕ್ಯಾನ್ಸರಿಗೆ 'ಸರತಾನ್' ಎನ್ನುತ್ತಾರೆ. ಅರಬಿ ಭಾಷೆಯಲ್ಲಿ ಸರತಾನ್ ಎಂದರೆ ಏಡಿ. ಗ್ರೀಕರು ಇಟ್ಟ ಹೆಸರಿನ ಅರ್ಥವೂ ಅದೇ. ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಾಣುತ್ತವೆ ಎಂಬುದು ಆ ಹೆಸರಿಗೆ ಹಳೆಯ ವೈದ್ಯರು ಕೊಟ್ಟ ಕಾರಣಗಳಲ್ಲೊಂದು. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಶಸ್ತ್ರವೈದ್ಯ ಅಬುಲ್ ಕಾಸಿಂ ಅಝ್ಝಹ್ರಾವಿ ತನ್ನ ಗ್ರಂಥದಲ್ಲಿ ಒಂದು ಮಾತು ಬರೆದಿಟ್ಟಿದ್ದಾರೆ. ಗಡ್ಡೆ ಹೊಸದಾಗಿದ್ದು, ಸಣ್ಣದಾಗಿದ್ದು, ಪೂರ್ತಿ ತೆಗೆಯಬಹುದಾದ ಜಾಗದಲ್ಲಿದ್ದರೆ ಕತ್ತರಿಸಿ ತೆಗೆಯಬೇಕು. ಹಳೆಯದಾಗಿ ದೊಡ್ಡದಾದ ಮೇಲೆ ಯಾರನ್ನೂ ಗುಣಪಡಿಸಲು ತನಗೆ ಸಾಧ್ಯವಾಗಿಲ್ಲ ಎಂಬುದು ಅದರ ಸಾರ. ಸೂಕ್ಷ್ಮದರ್ಶಕವಾಗಲೀ ಸ್ಕ್ಯಾನ್ ಆಗಲೀ ಇಲ್ಲದ ಕಾಲದಲ್ಲಿ ಅವರು ಇದನ್ನು ಕಣ್ಣಾರೆ ಕಂಡು ಬರೆದರು. ಕಾಲ ಕಳೆದಂತೆ ಗಡ್ಡೆಯ ಸ್ವಭಾವವೇ ಬದಲಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಯಾಕೆ ಬದಲಾಗುತ್ತದೆ ಎಂಬುದು ತಿಳಿಯಲು ಸಾವಿರ ವರ್ಷ ಬೇಕಾಯಿತು.

ಹರಡುವುದು ಸುಲಭದ ಕೆಲಸವಲ್ಲ

ಕ್ಯಾನ್ಸರ್ ಹುಟ್ಟಿದ ಜಾಗದಿಂದ ಬೇರೆ ಅಂಗಕ್ಕೆ ಹೋಗಿ ಅಲ್ಲಿ ಬೆಳೆಯುವುದಕ್ಕೆ ವೈದ್ಯರು 'ಮೆಟಾಸ್ಟಾಸಿಸ್' ಎನ್ನುತ್ತಾರೆ. ಸ್ತನ, ಕರುಳು, ಪ್ರಾಸ್ಟೇಟ್ ಮುಂತಾದ ಅಂಗಗಳ ಕ್ಯಾನ್ಸರಿನಿಂದ ಸಾಯುವವರಲ್ಲಿ ಹೆಚ್ಚಿನವರ ಪ್ರಾಣ ತೆಗೆಯುವುದು ಮೊದಲ ಗಡ್ಡೆಯಲ್ಲ, ಹೀಗೆ ಹರಡಿದ ಗಡ್ಡೆಗಳು.

ಒಂದು ಕ್ಯಾನ್ಸರ್ ಜೀವಕೋಶ ಎದೆಯಿಂದ ಬೆನ್ನೆಲುಬಿಗೆ ಹೋಗಬೇಕಾದರೆ ಹಲವು ತಡೆಗಳನ್ನು ದಾಟಬೇಕು.

1. ಅಕ್ಕಪಕ್ಕದ ಜೀವಕೋಶಗಳ ಹಿಡಿತದಿಂದ ಬಿಡಿಸಿಕೊಳ್ಳಬೇಕು. ನಮ್ಮ ಜೀವಕೋಶಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ.

2. ಸುತ್ತಲಿನ ಪೊರೆಯನ್ನು ಕರಗಿಸಿ ದಾರಿ ಮಾಡಿಕೊಂಡು ಚಲಿಸಬೇಕು.

3. ರಕ್ತನಾಳ ಅಥವಾ ದುಗ್ಧನಾಳದ ಗೋಡೆ ದಾಟಿ ಒಳಗೆ ನುಗ್ಗಬೇಕು.

4. ರಕ್ತದ ಹರಿವಿನ ರಭಸ ತಡೆದುಕೊಂಡು, ರೋಗನಿರೋಧಕ ಕಣಗಳ ಕಣ್ಣು ತಪ್ಪಿಸಿ ಬದುಕಬೇಕು.

5. ದೂರದ ಅಂಗದಲ್ಲಿ ಮತ್ತೆ ನಾಳದ ಗೋಡೆ ದಾಟಿ ಹೊರಬರಬೇಕು.

6. ಆ ಹೊಸ ಜಾಗಕ್ಕೆ ಹೊಂದಿಕೊಂಡು ಅಲ್ಲಿ ಬೆಳೆಯಬೇಕು.

ಇವುಗಳಲ್ಲಿ ಒಂದರಲ್ಲಿ ಸೋತರೂ ಅದರ ಪ್ರಯಾಣ ಅಲ್ಲಿಗೇ ಮುಗಿಯಿತು. 1970ರಲ್ಲಿ ಐಸಾಯ ಫಿಡ್ಲರ್ ಎಂಬ ವಿಜ್ಞಾನಿ ಗುರುತು ಹಾಕಿದ ಕ್ಯಾನ್ಸರ್ ಜೀವಕೋಶಗಳನ್ನು ಇಲಿಗಳ ರಕ್ತಕ್ಕೆ ಬಿಟ್ಟು ಲೆಕ್ಕ ಹಾಕಿದರು. 24 ಗಂಟೆ ಕಳೆದಾಗ ಸಾವಿರಕ್ಕೊಂದರಷ್ಟೂ ಜೀವಂತವಾಗಿ ಉಳಿದಿರಲಿಲ್ಲ. ಗಡ್ಡೆಯಾಗಿ ಬೆಳೆದವು ಇನ್ನೂ ಕಡಿಮೆ. ಅಂದರೆ ನಮ್ಮ ದೇಹ ಸುಲಭದಲ್ಲಿ ದಾರಿ ಬಿಡುವುದಿಲ್ಲ. ಆದರೆ ಗಡ್ಡೆ ದೊಡ್ಡದಾದಂತೆ ಅದರಿಂದ ದಿನವೂ ಲಕ್ಷಗಟ್ಟಲೆ ಜೀವಕೋಶಗಳು ರಕ್ತಕ್ಕೆ ಬೀಳಬಹುದು. ಲಕ್ಷಕ್ಕೆ ಒಂದು ಗೆದ್ದರೂ ಸಾಕು. ಹಾಗಾಗಿ ಕ್ಯಾನ್ಸರಿನಲ್ಲಿ ಸಮಯಕ್ಕೆ ಇಷ್ಟು ಬೆಲೆ.

ಬೀಜ ಮತ್ತು ಮಣ್ಣು

1889ರಲ್ಲಿ ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ಶವಪರೀಕ್ಷೆಯ ದಾಖಲೆಗಳನ್ನು ನೋಡಿದರು. ರಕ್ತ ಎಲ್ಲ ಅಂಗಗಳಿಗೂ ಹೋಗುತ್ತದೆ. ಆದರೆ ಗಡ್ಡೆ ಮಾತ್ರ ಎಲ್ಲ ಕಡೆ ಸಮನಾಗಿ ಬೆಳೆದಿರಲಿಲ್ಲ. ಯಕೃತ್ತಿನಲ್ಲಿ ಬಹಳ, ಗುಲ್ಮದಲ್ಲಿ ತೀರಾ ಕಡಿಮೆ. ಮೂಳೆಗಳಲ್ಲೂ ಕೆಲವಕ್ಕೆ ಮಾತ್ರ ಹೆಚ್ಚು. ಬೀಜ ಎಲ್ಲ ಕಡೆ ಬೀಳಬಹುದು, ಆದರೆ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ರೈತ ಕುಟುಂಬದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ತನ ಕ್ಯಾನ್ಸರ್ ಮೂಳೆ, ಶ್ವಾಸಕೋಶ, ಯಕೃತ್ತುಗಳತ್ತ, ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗಳತ್ತ, ಕರುಳಿನ ಕ್ಯಾನ್ಸರ್ ಯಕೃತ್ತಿನತ್ತ ಹೆಚ್ಚಾಗಿ ಹೋಗುವುದನ್ನು ಇಂದಿಗೂ ಕಾಣುತ್ತೇವೆ.

ಆದರೆ ಬೀಜದೊಳಗೆ ಏನಿದೆ? ಒಂದೇ ರೀತಿ ಕಾಣುವ ಎರಡು ಗಡ್ಡೆಗಳಲ್ಲಿ ಒಂದು ಹರಡುತ್ತದೆ, ಇನ್ನೊಂದು ಹರಡುವುದಿಲ್ಲ, ಯಾಕೆ?

1988ರ ಶೋಧ

ನಮ್ಮ ಪ್ರತಿಯೊಂದು ಜೀವಕೋಶದಲ್ಲಿ ಸುಮಾರು 20,000 ಜೀನ್‌ಗಳಿವೆ. ಜೀನ್ ಎಂದರೆ ಒಂದು ನಿರ್ದಿಷ್ಟ ಪ್ರೋಟೀನನ್ನು ತಯಾರಿಸಲು ಬರೆದಿಟ್ಟ ಸೂಚನೆ ಎಂದು ತಿಳಿಯಿರಿ. ಎಲ್ಲ ಸೂಚನೆಗಳೂ ಎಲ್ಲ ಜೀವಕೋಶಗಳಲ್ಲಿ ಓದಲ್ಪಡುವುದಿಲ್ಲ. ಕೆಲವು ತೆರೆದಿರುತ್ತವೆ, ಕೆಲವು ಮುಚ್ಚಿರುತ್ತವೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಪೆಟ್ರೀಷಿಯಾ ಸ್ಟೀಗ್ ಎಂಬ ವಿಜ್ಞಾನಿ ಇಲಿಯ ಚರ್ಮದ ಒಂದೇ ಕ್ಯಾನ್ಸರಿನಿಂದ ಬಂದ ಹಲವು ತಳಿಗಳನ್ನು ಹೋಲಿಸಿ ನೋಡಿದರು. ಕೆಲವು ತಳಿಗಳು ಬೇಗ ಹರಡುತ್ತಿದ್ದವು, ಕೆಲವು ಇದ್ದಲ್ಲೇ ಇರುತ್ತಿದ್ದವು. ಹರಡದ ತಳಿಗಳಲ್ಲಿ ಒಂದು ಜೀನ್ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಹರಡುವ ತಳಿಗಳಲ್ಲಿ ಅದು ಬಹುತೇಕ ಮೌನವಾಗಿತ್ತು. ಅದಕ್ಕೆ ಎನ್‌ಎಂ23 ಎಂದು ಹೆಸರಿಟ್ಟರು. 1988ರಲ್ಲಿ ಈ ಸುದ್ದಿ ಪ್ರಕಟವಾಯಿತು. 1991ರಲ್ಲಿ ಅದೇ ಗುಂಪು ಮೌನವಾಗಿದ್ದ ಕಡೆ ಈ ಜೀನನ್ನು ಮತ್ತೆ ಸೇರಿಸಿ ನೋಡಿದಾಗ ಇಲಿಗಳಲ್ಲಿ ಕ್ಯಾನ್ಸರ್ ಹರಡುವುದು ಬಹಳ ಕಡಿಮೆಯಾಯಿತು.

ಇದು 'ಮೆಟಾಸ್ಟಾಸಿಸ್ ಸಪ್ರೆಸರ್' ಜೀನ್‌ಗಳಲ್ಲಿ ಮೊದಲನೆಯದು. ಹರಡುವಿಕೆಯನ್ನು ತಡೆಯುವ ಜೀನ್‌ಗಳು ಎನ್ನೋಣ. ಈಗ ಇಂಥವು ಇಪ್ಪತ್ತಕ್ಕೂ ಹೆಚ್ಚು ಗೊತ್ತಾಗಿವೆ.

ಎರಡು ಬಗೆಯ ತಡೆ

ಇಲ್ಲಿ ಒಂದು ಗೊಂದಲ ಬರುತ್ತದೆ. ಪಿ53 ಎಂಬ ಜೀನಿನ ಹೆಸರನ್ನು ನೀವು ಕೇಳಿರಬಹುದು. ಅದು ಗಡ್ಡೆ ಹುಟ್ಟದಂತೆ ತಡೆಯುವ ಜೀನ್. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದು ಕೆಟ್ಟಿರುತ್ತದೆ. ಎನ್‌ಎಂ23 ಗುಂಪಿನ ಜೀನ್‌ಗಳು ಹಾಗಲ್ಲ. ಇವುಗಳನ್ನು ಮತ್ತೆ ಸೇರಿಸಿದರೂ ಮೊದಲ ಗಡ್ಡೆ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ. ಬೇರೆ ಕಡೆಗೆ ಹರಡುವುದು ಮಾತ್ರ ಕಡಿಮೆಯಾಗುತ್ತದೆ.

ಗೋದಾಮಿನಲ್ಲಿ ಕಳ್ಳಮಾಲು ತಯಾರಾಗುತ್ತಿದೆ ಎಂದುಕೊಳ್ಳಿ. ಮಾಲು ತಯಾರಾಗದಂತೆಯೇ ನೋಡಿಕೊಳ್ಳುವವನು ಒಬ್ಬ. ಗೇಟಿನಲ್ಲಿ ಮತ್ತು ದಾರಿಯುದ್ದಕ್ಕೂ ಲಾರಿ ತಡೆಯುವವನು ಇನ್ನೊಬ್ಬ. ಎರಡನೆಯವನು ಒಳಗೆ ನಡೆಯುವುದನ್ನು ನಿಲ್ಲಿಸಲಾರ, ಆದರೆ ಅವನಿರುವಷ್ಟು ದಿನ ಮಾಲು ಊರೂರಿಗೆ ಹೋಗುವುದಿಲ್ಲ.

ಯಾವ ಜೀನ್ ಎಲ್ಲಿ ತಡೆಯುತ್ತದೆ?

ಎನ್‌ಎಂ23: ಜೀವಕೋಶಕ್ಕೆ ಹೊರಗಿನಿಂದ 'ಚಲಿಸು' ಎಂಬ ಸಂದೇಶಗಳು ಬರುತ್ತಿರುತ್ತವೆ. ಗಾಯ ಮಾಯುವಾಗ ಇಂಥ ಚಲನೆ ಬೇಕಾಗುತ್ತದೆ. ಈ ಜೀನ್ ಆ ಸಂದೇಶಕ್ಕೆ ಕ್ಯಾನ್ಸರ್ ಜೀವಕೋಶ ಓಗೊಡುವುದನ್ನು ಕಡಿಮೆ ಮಾಡುತ್ತದೆ. ಜೀನ್ ಮೌನವಾದರೆ ಜೀವಕೋಶ ಅಲೆಯಲು ಶುರು ಮಾಡುತ್ತದೆ.

ಕೆಎಐ1: 1995ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಅಧ್ಯಯನದಲ್ಲಿ ಸಿಕ್ಕಿತು. ಹೆಸರು ಚೀನೀ ಭಾಷೆಯ 'ಕಾಂಗ್ ಐ' ಎಂಬುದರಿಂದ ಬಂದದ್ದು. ಕ್ಯಾನ್ಸರ್ ವಿರೋಧಿ ಎಂದು ಅರ್ಥ. ಇದರ ಪ್ರೋಟೀನ್ ಜೀವಕೋಶದ ಹೊರಪೊರೆಯಲ್ಲಿರುತ್ತದೆ. 2006ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕುತೂಹಲದ ಸಂಗತಿ ತೋರಿಸಿತು. ಈ ಪ್ರೋಟೀನ್ ಇರುವ ಕ್ಯಾನ್ಸರ್ ಜೀವಕೋಶ ರಕ್ತನಾಳದ ಒಳಗೋಡೆಗೆ ತಾಗಿದಾಗ, ಗೋಡೆಯಲ್ಲಿರುವ ಇನ್ನೊಂದು ಪ್ರೋಟೀನ್ ಅದನ್ನು ಗುರುತು ಹಿಡಿಯುತ್ತದೆ. ಅಲ್ಲಿಂದ ಮುಂದೆ ಆ ಜೀವಕೋಶ ವಿಭಜನೆಯಾಗುವ ಶಕ್ತಿ ಕಳೆದುಕೊಳ್ಳುತ್ತದೆ. ಹೊಸ ಊರಿಗೆ ಬಂದರೂ ಸಂತತಿ ಬೆಳೆಸಲಾರದು.

ಕಿಸ್1: ಇದು 1996ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರಿನಲ್ಲಿ ಸಿಕ್ಕಿತು. ಆ ಊರು 'ಕಿಸಸ್' ಎಂಬ ಚಾಕೊಲೇಟಿಗೆ ಪ್ರಸಿದ್ಧ. ಹೆಸರು ಅದರಿಂದಲೇ ಬಂತು. ಈ ಜೀನ್ ತಡೆಯುವುದು ಕೊನೆಯ ಹಂತದಲ್ಲಿ. ಇಲಿಗಳ ಪ್ರಯೋಗದಲ್ಲಿ ಕಿಸ್1 ಇರುವ ಕ್ಯಾನ್ಸರ್ ಜೀವಕೋಶಗಳು ಶ್ವಾಸಕೋಶದವರೆಗೆ ತಲುಪಿದವು, ಆದರೆ ಅಲ್ಲಿ ಗಡ್ಡೆಯಾಗಿ ಬೆಳೆಯದೆ ನಿದ್ದೆ ಹೋದಂತೆ ಉಳಿದುಬಿಟ್ಟವು.

ಈ ಜೀನ್ ಕ್ಯಾನ್ಸರಿಗಾಗಿಯೇ ಇರುವುದಲ್ಲ. ಮಕ್ಕಳು ಪ್ರಾಯಕ್ಕೆ ಬರಲು ಮೆದುಳಿನಿಂದ ಹೊರಡುವ ಸಂದೇಶದಲ್ಲಿ ಇದರ ಪ್ರೋಟೀನಿಗೆ ದೊಡ್ಡ ಪಾತ್ರವಿದೆ ಎಂದು 2003ರಲ್ಲಿ ತಿಳಿದುಬಂತು. ಗರ್ಭಿಣಿಯ ಮಾಸಿನಲ್ಲೂ (ಕಸದಲ್ಲೂ) ಇದು ಹೇರಳವಾಗಿದೆ. ಮಾಸು ತಾಯಿಯ ಗರ್ಭಕೋಶದ ಗೋಡೆಯೊಳಗೆ ಬೇರು ಬಿಡಬೇಕು, ಆದರೆ ಮಿತಿ ಮೀರಿ ಹೋಗಬಾರದು. ಆ ಮಿತಿಯನ್ನು ಕಾಯುವುದರಲ್ಲಿ ಇದಕ್ಕೂ ಪಾಲಿದೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಮಗುವನ್ನು ಪೋಷಿಸಲು ದೇಹ ಇಟ್ಟುಕೊಂಡಿರುವ ಶಿಸ್ತೇ ಕ್ಯಾನ್ಸರನ್ನೂ ತಡೆಯುತ್ತದೆ.

ಬಿಆರ್‌ಎಂಎಸ್1: 2000ದಲ್ಲಿ ಸ್ತನ ಕ್ಯಾನ್ಸರಿನ ಅಧ್ಯಯನದಲ್ಲಿ ಸಿಕ್ಕಿತು. ಅಕ್ಕಪಕ್ಕದ ಜೀವಕೋಶಗಳು ಪರಸ್ಪರ ಸಂದೇಶ ಕಳಿಸಿಕೊಳ್ಳುವ ಸಣ್ಣ ಕಿಂಡಿಗಳಿರುತ್ತವೆ. ಕ್ಯಾನ್ಸರಿನಲ್ಲಿ ಅವು ಮುಚ್ಚಿಹೋಗುತ್ತವೆ. ಈ ಜೀನ್ ಕೆಲಸ ಮಾಡಿದಾಗ ಕಿಂಡಿಗಳು ಮತ್ತೆ ತೆರೆದವು. ನೆರೆಮನೆಯ ಸಂಪರ್ಕ ಇದ್ದವನು ಸುಲಭದಲ್ಲಿ ದಾರಿ ತಪ್ಪುವುದಿಲ್ಲವಲ್ಲ, ಹಾಗೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದು ಜೀನ್ ಎಲ್ಲ ಕ್ಯಾನ್ಸರಿನಲ್ಲೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಮಕ್ಕಳಲ್ಲಿ ಬರುವ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿನಲ್ಲಿ ಎನ್‌ಎಂ23 ಹೆಚ್ಚಾಗಿದ್ದರೆ ರೋಗ ತೀವ್ರವಾಗಿರುವುದು ಕಂಡುಬಂದಿದೆ. ಹಾಗಾಗಿ ಇಂಥ ಸಂಗತಿಗಳನ್ನು ಅರ್ಧ ಓದಿ ತೀರ್ಮಾನಕ್ಕೆ ಬರಬಾರದು.

ಜೀನ್ ಮೌನವಾಗುವುದು ಹೇಗೆ?

ಜೀನ್ ಎರಡು ರೀತಿಯಲ್ಲಿ ಕೆಲಸ ನಿಲ್ಲಿಸಬಹುದು. ಒಂದು, ಅದರ ಬರಹವೇ ಕೆಟ್ಟುಹೋಗುವುದು ಅಥವಾ ಅಳಿದುಹೋಗುವುದು. ಇನ್ನೊಂದು, ಬರಹ ಸರಿಯಾಗಿಯೇ ಇದ್ದು ಅದರ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಬಿದ್ದು ಓದಲಾಗದಂತೆ ಮುಚ್ಚಿಕೊಳ್ಳುವುದು. ಹರಡುವಿಕೆ ತಡೆಯುವ ಜೀನ್‌ಗಳಲ್ಲಿ ಎರಡನೆಯದೇ ಹೆಚ್ಚು. ಪುಟ ಹರಿದುಹೋಗಿಲ್ಲ, ಅಂಟಿಕೊಂಡಿದೆ ಅಷ್ಟೆ. ವಿಜ್ಞಾನಿಗಳಿಗೆ ಭರವಸೆ ಇರುವುದು ಇದರಲ್ಲೇ. ಅಂಟಿದ ಪುಟವನ್ನು ಬಿಡಿಸಲು ಸಾಧ್ಯವಾಗಬಹುದು.

ಹೆಚ್ಚಿನವರಲ್ಲಿ ಈ ಬದಲಾವಣೆ ಗಡ್ಡೆಯ ಒಳಗೆ ಮಾತ್ರ ಆಗುತ್ತದೆ. ಹುಟ್ಟಿನಿಂದ ಬಂದದ್ದಲ್ಲ, ಮಕ್ಕಳಿಗೆ ದಾಟುವುದೂ ಇಲ್ಲ. ಆದರೆ ಕೆಲವು ಅಪವಾದಗಳಿವೆ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿದ್ದರೆ ಹೊಟ್ಟೆಯ ಒಂದು ಬಗೆಯ ಕ್ಯಾನ್ಸರ್ ಕುಟುಂಬದಲ್ಲಿ ಮುಂದುವರಿಯುತ್ತದೆ. ನ್ಯೂಜಿಲೆಂಡಿನ ಮಾವೋರಿ ಕುಟುಂಬವೊಂದರಲ್ಲಿ 1998ರಲ್ಲಿ ಇದು ಪತ್ತೆಯಾಯಿತು. ನಿಮ್ಮ ಕುಟುಂಬದಲ್ಲಿ ಹತ್ತಿರದ ಸಂಬಂಧಿಗಳಲ್ಲಿ ಇಬ್ಬರು ಮೂವರಿಗೆ, ಅದೂ ಚಿಕ್ಕ ವಯಸ್ಸಿನಲ್ಲಿ, ಕ್ಯಾನ್ಸರ್ ಬಂದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಮದುವೆ ಮಾತುಕತೆಗೆ ತೊಂದರೆಯಾಗುತ್ತದೆ ಎಂದು ಮುಚ್ಚಿಡಬೇಡಿ.

ಇದಕ್ಕೆ ಔಷಧ ಇದೆಯೇ?

ನೇರವಾಗಿ ಹೇಳುತ್ತೇನೆ: ಮೌನವಾದ ಈ ಜೀನ್‌ಗಳನ್ನು ಮತ್ತೆ ಎಬ್ಬಿಸಿ ಕ್ಯಾನ್ಸರ್ ಹರಡುವುದನ್ನು ನಿಲ್ಲಿಸುವ ಔಷಧ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿಲ್ಲ. ಎನ್‌ಎಂ23 ಹೆಚ್ಚಿಸಲು ಹಾರ್ಮೋನಿನಂಥ ಒಂದು ಹಳೆಯ ಔಷಧವನ್ನು ರೋಗಿಗಳಲ್ಲಿ ಪ್ರಯತ್ನಿಸಿ ನೋಡಿದ್ದೂ ಉಂಟು. ಅದು ರೂಢಿಯ ಚಿಕಿತ್ಸೆಯಾಗಲಿಲ್ಲ. ಈ ಜೀನ್‌ಗಳ ಪರೀಕ್ಷೆಯೂ ಮಾಮೂಲಿ ತಪಾಸಣೆಯಲ್ಲಿ ಸೇರಿಲ್ಲ. ಯಾರಾದರೂ ದುಬಾರಿ ಪ್ಯಾಕೇಜ್ ಮಾರಲು ಬಂದರೆ ನಿಮಗೆ ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ತಜ್ಞರನ್ನು ಕೇಳದೆ ಹಣ ಕೊಡಬೇಡಿ.

ಕರಿಜೀರಿಗೆ ಎಣ್ಣೆ, ಅರಿಸಿನ, ಜೇನು ಈ ಜೀನ್‌ಗಳನ್ನು ಎಬ್ಬಿಸುತ್ತವೆ ಎಂಬ ವಾಟ್ಸ್ಯಾಪ್ ಸಂದೇಶಗಳನ್ನು ನನಗೂ ಜನ ತೋರಿಸುತ್ತಾರೆ. ಕರಿಜೀರಿಗೆಯ ಗೌರವ ಏನೆಂದು ನನಗೆ ಗೊತ್ತು, ಅದನ್ನು ದಿನವೂ ಬಳಸುವ ವೈದ್ಯ ನಾನು. ಆದರೆ ಗಾಜಿನ ತಟ್ಟೆಯಲ್ಲಿಟ್ಟ ಜೀವಕೋಶದ ಮೇಲೆ ಒಂದು ಸಾರ ಕೆಲಸ ಮಾಡುವುದು ಬೇರೆ, ಮನುಷ್ಯನ ದೇಹದಲ್ಲಿ ಹರಡುತ್ತಿರುವ ಕ್ಯಾನ್ಸರನ್ನು ನಿಲ್ಲಿಸುವುದು ಬೇರೆ. ಎರಡನೆಯದು ಸಾಬೀತಾಗಿಲ್ಲ. ಕೀಮೋಥೆರಪಿ ನಡೆಯುತ್ತಿರುವಾಗ ಯಾವುದೇ ಯುನಾನಿ, ಆಯುರ್ವೇದ ಅಥವಾ ಮನೆಮದ್ದನ್ನು ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ತೆಗೆದುಕೊಳ್ಳಬೇಡಿ. ಕೆಲವು ಔಷಧಗಳ ಕೆಲಸ ಕೆಡಬಹುದು. ಹಸಿವು, ನಿದ್ದೆ, ಮಲಬದ್ಧತೆ, ಸುಸ್ತುಗಳ ವಿಷಯದಲ್ಲಿ ನಮ್ಮಿಂದ ಸಹಾಯ ಆಗಬಹುದು. ಸರತಾನ್ ಎಂದು ಅನುಮಾನ ಬಂದ ರೋಗಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು ವೈದ್ಯನ ಕೆಲಸವಲ್ಲ.

ಸೂಜಿ ಚುಚ್ಚಿದರೆ ಹರಡುತ್ತದೆಯೇ?

ನಾನು ಅತಿ ಹೆಚ್ಚು ಕೇಳುವ ಮಾತು: "ಗಂಟಿಗೆ ಸೂಜಿ ಚುಚ್ಚಿಸಿದರು, ಅಲ್ಲಿಂದಲೇ ಮೈಯೆಲ್ಲ ಹರಡಿತು." ಇಷ್ಟು ಹೊತ್ತು ಓದಿದ ನಿಮಗೆ ಉತ್ತರ ಗೊತ್ತಾಗಿರಬೇಕು. ಕ್ಯಾನ್ಸರ್ ಹರಡುವುದು ಜೀವಕೋಶದ ಒಳಗಿನ ಬದಲಾವಣೆಯಿಂದ. ಸೂಜಿಯ ದಾರಿಯಲ್ಲಿ ಜೀವಕೋಶ ಉಳಿದು ಬೆಳೆಯುವುದು ಬಹಳ ಅಪರೂಪ. ಅಂಥ ಸಾಧ್ಯತೆ ಇರುವ ಕೆಲವು ಅಂಗಗಳಲ್ಲಿ ವೈದ್ಯರು ಮೊದಲೇ ಎಚ್ಚರ ವಹಿಸುತ್ತಾರೆ. ಜನ ಬಯಾಪ್ಸಿಗೆ ಹೋಗುವುದೇ ತಡವಾಗಿ. ಅಷ್ಟರಲ್ಲಿ ರೋಗ ಹರಡಿರುತ್ತದೆ, ಸ್ಕ್ಯಾನಿನಲ್ಲಿ ಕಂಡದ್ದು ಆಮೇಲೆ. ದೂರು ಮಾತ್ರ ಸೂಜಿಯ ಮೇಲೆ. ಬಯಾಪ್ಸಿ ಇಲ್ಲದೆ ಯಾವ ಕ್ಯಾನ್ಸರ್, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ತಿಳಿಯುವುದಿಲ್ಲ.

ನೀವು ಮಾಡಬೇಕಾದದ್ದು

ಜೀನ್‌ಗಳ ಮೇಲೆ ನಮಗೆ ಹಿಡಿತವಿಲ್ಲ. ಸಮಯದ ಮೇಲೆ ಇದೆ. ಈ ಕೆಳಗಿನ ಯಾವುದಾದರೂ ಕಂಡರೆ ತಡ ಮಾಡಬೇಡಿ:

* ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು. ನೋವಿಲ್ಲದ ಗಂಟನ್ನು ಇನ್ನೂ ಹೆಚ್ಚು ಗಮನಿಸಬೇಕು. ತೊಟ್ಟು ಒಳಗೆ ಎಳೆದುಕೊಳ್ಳುವುದು, ರಕ್ತ ಒಸರುವುದು.

* ಬಾಯಿಯಲ್ಲಿ ಎರಡು ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು.

* ಮುಟ್ಟು ನಿಂತ ಮೇಲೆ ರಕ್ತಸ್ರಾವ, ದಾಂಪತ್ಯ ಸಂಪರ್ಕದ ನಂತರ ರಕ್ತ.

* ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಸ್ವರ ಒಡೆದಿರುವುದು.

* ವಿಶ್ರಾಂತಿಯಲ್ಲೂ ಬಿಡದ, ದಿನೇ ದಿನೇ ಹೆಚ್ಚುವ ಮೂಳೆನೋವು.

ನಮ್ಮ ಮನೆಗಳಲ್ಲಿ ಎಲೆಯಡಿಕೆ ತಟ್ಟೆ ಅತಿಥಿ ಸತ್ಕಾರದ ಭಾಗ. ತಂಬಾಕು ಸೇರಿಸದಿದ್ದರೆ ತೊಂದರೆಯಿಲ್ಲ ಎಂದು ಹಲವರು ನಂಬಿದ್ದಾರೆ. ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ. ಗುಟ್ಕಾ, ಬೀಡಿ, ಸಿಗರೇಟು ಇರುವ ಮನೆಯಲ್ಲಿ ಬೇರೆ ಯಾವ ಆರೋಗ್ಯ ಸಲಹೆಗೂ ಅರ್ಥವಿಲ್ಲ.

30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರಕಾರಿ ಕ್ಯಾನ್ಸರ್ ಆಸ್ಪತ್ರೆಗಳಿವೆ. ನಾಚಿಕೆಯಾಗುತ್ತದೆ ಎನ್ನುವ ಸಹೋದರಿಯರು ಮಹಿಳಾ ವೈದ್ಯರ ಬಳಿ ಹೋಗಲಿ. ರೋಗದ ಅನಿವಾರ್ಯತೆಯಲ್ಲಿ ವೈದ್ಯರಿಗೆ ತೋರಿಸಲು ಧರ್ಮದ ಅಡ್ಡಿಯಿಲ್ಲ ಎಂಬುದು ವಿದ್ವಾಂಸರ ಮಾತು. ಗಂಡಸರಿಗೂ ಒಂದು ಮಾತು: ನಿಮ್ಮ ಹೆಂಡತಿ, ತಾಯಿ ತಮ್ಮ ದೇಹದ ತೊಂದರೆಯನ್ನು ಹೆದರದೆ ಹೇಳುವಂಥ ವಾತಾವರಣ ಮನೆಯಲ್ಲಿರುವುದು ನಿಮ್ಮ ಹೊಣೆ.

ಆ ತಾಯಿಯ ಬೆನ್ನಿಗೆ ವಿಕಿರಣ ಚಿಕಿತ್ಸೆ ಕೊಟ್ಟರು, ನೋವು ಕಡಿಮೆಯಾಯಿತು. ಮಾತ್ರೆಗಳ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು, ಅದರಲ್ಲಿ ಹೆಚ್ಚಿನ ದಿನ ಅಡುಗೆಮನೆಯಲ್ಲಿ ತಾವೇ ನಿಂತು ಕೆಲಸ ಮಾಡುತ್ತಿದ್ದರು. ಹರಡಿದ ಮೇಲೂ ಚಿಕಿತ್ಸೆ ವ್ಯರ್ಥವಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ಆದರೆ ಕೊನೆಯ ಸಲ ಬಂದಾಗ ಅವರು ಹೇಳಿದ ಮಾತನ್ನೂ ನಿಮಗೆ ತಲುಪಿಸಬೇಕು. "ಅವತ್ತೇ ಹೇಳಿದ್ದರೆ ಆಗುತ್ತಿತ್ತು ಡಾಕ್ಟ್ರೇ. ಗಂಟು ಕಡಲೆಕಾಳಿನಷ್ಟೇ ಇತ್ತು."

ಆ ಎರಡು ವಾರ ಎಣ್ಣೆ ಹಚ್ಚಲು ಹೇಳಿದವನು ನಾನು. ಈಗ ಬೆನ್ನುನೋವೆಂದು ಬರುವ ಪ್ರತಿ ತಾಯಿಗೂ ಮೊದಲ ದಿನವೇ ಕೇಳುತ್ತೇನೆ: ಬೇರೆಲ್ಲಾದರೂ ಗಂಟು ಇದೆಯೇ? ನೀವೂ ಇವತ್ತು ಮನೆಯಲ್ಲಿ ಕೇಳಿ.